80,000 ಹಾಡುಗಳ ಸಂಗ್ರಹ: ಡೆಸ್ಕ್‌ಟಾಪ್ ಮ್ಯೂಸಿಕ್ ಪ್ಲೇಯರ್‌ನಲ್ಲಿ ಮೊದಲು ಸರಿಪಡಿಸಬೇಕಾದದ್ದು ಯಾವುದು?

ಪ್ರಶ್ನೆ: ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಸ್ನೇಹಿತರು ಬಿಡುವಿನ ವೇಳೆಯಲ್ಲಿ ಮುಕ್ತ ಆಕರದ ಒಂದು ಮ್ಯೂಸಿಕ್ ಪ್ಲೇಯರ್ ಅನ್ನು ದೊಡ್ಡ ಸಂಗ್ರಹಗಳಿಗೆ ಒಗ್ಗುವಂತೆ ತಿದ್ದುತ್ತಿದ್ದೇವೆ. ಅದು ಸಿ++ನಲ್ಲಿ, ಕ್ಯೂಟಿ ಚೌಕಟ್ಟಿನ ಮೇಲೆ ಬರೆದ ತಂತ್ರಾಂಶ. ಟ್ಯಾಗ್‌ಗಳನ್ನು (ಹಾಡಿನ ಕಡತದೊಳಗೇ ಬರೆದಿರುವ ಗಾಯಕ, ಆಲ್ಬಮ್ ಮುಂತಾದ ವಿವರಗಳನ್ನು) ಓದಲು ಟ್ಯಾಗ್‌ಲಿಬ್ ಅನ್ನೂ ಓದಿದ್ದನ್ನು ಇಟ್ಟುಕೊಳ್ಳಲು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಅನ್ನೂ ಬಳಸುತ್ತದೆ. ಅಮರಾಕ್ 1.4ರಿಂದ ಕವಲೊಡೆದ ಕ್ಲೆಮೆಂಟೈನ್, ಅದರಿಂದ 2018ರಲ್ಲಿ ಕವಲೊಡೆದ ಸ್ಟ್ರಾಬೆರಿ, ಇವುಗಳ ಒಳಗನ್ನು ನೋಡಿದವರಿಗೆ ಇದರ ರಚನೆ ಹೊಸದೆನಿಸುವುದಿಲ್ಲ.

ನಾವು ಪರೀಕ್ಷೆಗೆ ಇಟ್ಟುಕೊಂಡಿರುವ ಸಂಗ್ರಹ ಹಿರಿಯ ಸಂಗೀತಾಭಿಮಾನಿಯೊಬ್ಬರದು. ಸುಮಾರು 80,000 ಕಡತಗಳಿವೆ: ಚಿತ್ರಗೀತೆ, ಭಾವಗೀತೆ, ದಾಸರ ಪದ, ವಚನ, ಕರ್ನಾಟಕ ಸಂಗೀತದ ಕಚೇರಿಗಳು, ಧಾರವಾಡ ಸೀಮೆಯ ಹಿಂದೂಸ್ತಾನಿ ಗಾಯಕರ ಧ್ವನಿಮುದ್ರಣಗಳು. ಅರ್ಧಕ್ಕಿಂತ ಹೆಚ್ಚು ಎಂಪಿ3, ಉಳಿದವು ಗುಣಮಟ್ಟ ಕಳೆಯದೆ ಕುಗ್ಗಿಸಿದ ಫ್ಲ್ಯಾಕ್. ಎಲ್ಲವೂ ಒಂದು ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿದ್ದು, ಅದನ್ನು ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ಜೋಡಿಸಿ ಬಳಸಲಾಗುತ್ತದೆ.

ತೊಂದರೆಗಳು ಹೀಗಿವೆ. ಪ್ಲೇಯರ್ ಕೆಲವೊಮ್ಮೆ, ಯಾವ ಕಡತವೂ ಬದಲಾಗದಿದ್ದರೂ, ಇಡೀ ಸಂಗ್ರಹವನ್ನು ಮೊದಲಿನಿಂದ ಓದಲು ತೊಡಗುತ್ತದೆ ಮತ್ತು ಅದು ಮುಗಿಯುವವರೆಗೆ ಪರದೆ ತಡವರಿಸುತ್ತದೆ. ಹುಡುಕಾಟದ ಪೆಟ್ಟಿಗೆಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿದರೆ ಬರಬೇಕಾದ ಹಾಡುಗಳು ಬರುವುದಿಲ್ಲ, ಬರಬಾರದವು ಬರುತ್ತವೆ. ಗಾಯಕರ ಪಟ್ಟಿಯಲ್ಲಿ ಒಬ್ಬರೇ ಗಾಯಕರು ಮೂರು ನಾಲ್ಕು ಕಡೆ ಕಾಣಿಸಿಕೊಳ್ಳುತ್ತಾರೆ. ಕಣ್ಣಿಗೆ ಆ ಹೆಸರುಗಳಲ್ಲಿ ಯಾವ ವ್ಯತ್ಯಾಸವೂ ತೋರುವುದಿಲ್ಲ. ಕೊನೆಯದಾಗಿ, ಫೋಲ್ಡರ್‌ಗಳನ್ನು ಬೇರೆ ಜಾಗಕ್ಕೆ ಸರಿಸಿದರೆ ಎಷ್ಟು ಸಲ ಕೇಳಿದ್ದೇವೆ, ಎಷ್ಟು ನಕ್ಷತ್ರ ಕೊಟ್ಟಿದ್ದೇವೆ ಎಂಬ ಮಾಹಿತಿಯೆಲ್ಲ ಅಳಿದುಹೋಗುತ್ತದೆ.

ನಮ್ಮಲ್ಲಿ ಒಬ್ಬರು ಎಸ್‌ಕ್ಯೂಲೈಟ್ ಬಿಟ್ಟು ದೊಡ್ಡ ಡೇಟಾಬೇಸ್ ಸರ್ವರ್‌ಗೆ ಹೋಗಬೇಕೆನ್ನುತ್ತಾರೆ, ಇನ್ನೊಬ್ಬರು ಪರದೆಯ ವಿನ್ಯಾಸವನ್ನೇ ಹೊಸದಾಗಿ ಬರೆಯಬೇಕೆನ್ನುತ್ತಾರೆ. ಅನುಭವಿಗಳು ಯಾವುದಕ್ಕೆ ಮೊದಲು ಕೈಹಾಕುವಿರಿ?

ಉತ್ತರ: ಬೈಟುಗಾರ

ಡೇಟಾಬೇಸ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. 80,000 ಸಾಲುಗಳು ಎಸ್‌ಕ್ಯೂಲೈಟ್‌ಗೆ ಒಂದು ಹೊರೆಯೇ ಅಲ್ಲ. ಸಾಧಾರಣ ಗಣಕದಲ್ಲಿಯೂ ಅದು ಸೆಕೆಂಡಿಗೆ 50,000 ಸಾಲುಗಳನ್ನು ಸೇರಿಸಬಲ್ಲದು, ಆದರೆ ತಿರುಗುವ ಡಿಸ್ಕಿನ ಮೇಲೆ ಸೆಕೆಂಡಿಗೆ ಕೆಲವು ಡಜನ್ ವಹಿವಾಟುಗಳನ್ನು (ಡಿಸ್ಕಿಗೆ ಬರೆದು ಖಚಿತಪಡಿಸುವ ಕಂತುಗಳನ್ನು) ಮಾತ್ರ ಮುಗಿಸಬಲ್ಲದು ಎಂದು ಅದರ ಕರ್ತೃಗಳೇ ಬರೆದಿದ್ದಾರೆ. ನಿಮ್ಮ ಪ್ಲೇಯರ್ ಒಂದೊಂದು ಹಾಡನ್ನು ಒಂದೊಂದು ಪ್ರತ್ಯೇಕ ವಹಿವಾಟಾಗಿ ಬರೆಯುತ್ತಿದೆಯೇ ಎಂಬುದನ್ನು ಮೊದಲು ನೋಡಿ. ಸಾವಿರ ಹಾಡುಗಳನ್ನು ಕಟ್ಟಿ ಒಂದೇ ವಹಿವಾಟಿನಲ್ಲಿ ಬರೆದರೆ ಈ ಭಾಗದ ನಿಧಾನ ಬಹುಮಟ್ಟಿಗೆ ಮಾಯವಾಗುತ್ತದೆ. ಜೊತೆಗೆ 2010ರ 3.7.0 ಆವೃತ್ತಿಯಿಂದ ಇರುವ, ಬದಲಾವಣೆಗಳನ್ನು ಮೊದಲು ಪ್ರತ್ಯೇಕ ಕಡತಕ್ಕೆ ಬರೆಯುವ ವ್ಯಾಲ್ ವಿಧಾನವನ್ನು ಚಾಲೂ ಮಾಡಿದರೆ, ಹಿನ್ನೆಲೆಯಲ್ಲಿ ಸ್ಕ್ಯಾನ್ ಬರೆಯುತ್ತಿರುವಾಗಲೇ ಪರದೆಯ ಪಟ್ಟಿ ಅಡ್ಡಿಯಿಲ್ಲದೆ ಓದಿಕೊಳ್ಳಬಹುದು. ಆದರೆ ಆ ವಿಧಾನ ನೆಟ್‌ವರ್ಕ್ ಡಿಸ್ಕಿನ ಮೇಲೆ ಕೆಲಸ ಮಾಡುವುದಿಲ್ಲ. ಡೇಟಾಬೇಸ್ ಕಡತ ಗಣಕದ ಒಳಗಿನ ಡಿಸ್ಕಿನಲ್ಲಿಯೇ ಇರಬೇಕು.

ಇನ್ನು ಮೊದಲ ಸ್ಕ್ಯಾನ್. ಎಂಪಿ3 ಕಡತದಲ್ಲಿ ಐಡಿ3 ಎರಡನೆಯ ಪೀಳಿಗೆಯ ಟ್ಯಾಗ್ ತಲೆಯಲ್ಲಿರುತ್ತದೆ, ಮೊದಲನೆಯ ಪೀಳಿಗೆಯದು ಬಾಲದ 128 ಬೈಟ್‌ಗಳಲ್ಲಿರುತ್ತದೆ. ಎರಡನ್ನೂ ನೋಡಬೇಕಾದ್ದರಿಂದ ಡಿಸ್ಕಿನ ಮುಳ್ಳು ಕಡತವೊಂದಕ್ಕೆ ಕನಿಷ್ಠ ಎರಡು ಸಲ ಜಾಗ ಬದಲಿಸಬೇಕು. ಪ್ರತಿ ಸಲಕ್ಕೆ ಸುಮಾರು 12 ಮಿಲಿಸೆಕೆಂಡ್ ಹಿಡಿದರೂ 80,000 ಕಡತಗಳಿಗೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗುತ್ತದೆ. ಇದು ಯಂತ್ರದ ಮಿತಿ, ಯಾವ ಡೇಟಾಬೇಸ್ ಸರ್ವರ್ ಬಂದರೂ ಕರಗುವುದಲ್ಲ. ಈ ಅರ್ಧ ಗಂಟೆ ಒಮ್ಮೆ ಮಾತ್ರ ಆಗಬೇಕು, ಎರಡನೆಯ ಸಲ ಆಗಕೂಡದು ಎಂಬುದಷ್ಟೇ ನಿಮ್ಮ ಕೈಯಲ್ಲಿದೆ.

ಎರಡನೆಯ ಸಲ ಏಕೆ ಆಗುತ್ತಿದೆ ಎಂಬುದಕ್ಕೆ ನನಗೊಂದು ಅನುಮಾನವಿದೆ. ಬಹುತೇಕ ಪ್ಲೇಯರ್‌ಗಳು ಕಡತದ ಕೊನೆಯ ತಿದ್ದುಪಡಿಯ ಸಮಯವನ್ನು ಹೋಲಿಸಿ, ಅದು ಬದಲಾಗಿದ್ದರೆ ಮತ್ತೆ ಓದುತ್ತವೆ. ಡಿಸ್ಕ್ ಫ್ಯಾಟ್32 ಎಂಬ ಹಳೆಯ ಕಡತ ವ್ಯವಸ್ಥೆಯದಾಗಿದ್ದರೆ ಅದು ಸಮಯವನ್ನು ಸ್ಥಳೀಯ ಕಾಲಮಾನದಲ್ಲಿ ಬರೆದುಕೊಳ್ಳುತ್ತದೆ, ಯಾವ ಕಾಲವಲಯ ಎಂಬುದನ್ನು ಬರೆದುಕೊಳ್ಳುವುದಿಲ್ಲ. ಹೀಗಾಗಿ ವಿಂಡೋಸ್ ಭಾರತೀಯ ಕಾಲಮಾನದಲ್ಲಿದ್ದು ಲಿನಕ್ಸ್ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿದ್ದರೆ ಪ್ರತಿಯೊಂದು ಕಡತವೂ ಐದೂವರೆ ಗಂಟೆ ಹಿಂದೆ ಅಥವಾ ಮುಂದೆ ಸರಿದಂತೆ ಕಾಣುತ್ತದೆ, ಪ್ಲೇಯರ್ ಎಲ್ಲವೂ ಬದಲಾಗಿದೆ ಎಂದು ನಂಬುತ್ತದೆ. ಬಹಳಷ್ಟು ಕಡತಗಳ ಅಂತರ ಒಂದೇ ಆಗಿದ್ದು ಗಾತ್ರ ಬದಲಾಗದೆ ಇದ್ದರೆ ಅದನ್ನು ಗಡಿಯಾರದ ವ್ಯತ್ಯಾಸವೆಂದು ಗುರುತಿಸಿ ಬಿಟ್ಟುಬಿಡುವ ಹತ್ತು ಸಾಲಿನ ಕೋಡ್ ಸಾಕು.

ಇದರ ವಿರುದ್ಧದ ತೊಂದರೆಯೂ ಇದೆ. ಟ್ಯಾಗ್ ತಿದ್ದುವ ಕೆಲವು ತಂತ್ರಾಂಶಗಳಲ್ಲಿ ಹಳೆಯ ಸಮಯವನ್ನೇ ಉಳಿಸುವ ಆಯ್ಕೆ ಇರುತ್ತದೆ, ಮತ್ತು ಟ್ಯಾಗ್‌ನ ಕೊನೆಗೆ ಬಿಟ್ಟಿರುವ ಖಾಲಿ ಜಾಗದಲ್ಲಿಯೇ ಹೊಸ ಅಕ್ಷರಗಳು ಹಿಡಿಸಿದರೆ ಕಡತದ ಗಾತ್ರವೂ ಬದಲಾಗುವುದಿಲ್ಲ. ಆಗ ಸಮಯ, ಗಾತ್ರ ಎರಡೂ ಹಿಂದಿನಂತೆಯೇ ಇದ್ದು ಒಳಗಿನ ಹೆಸರು ಮಾತ್ರ ಬೇರೆಯಾಗಿರುತ್ತದೆ. ಇದಕ್ಕಾಗಿ, ಆಯ್ದ ಫೋಲ್ಡರ್ ಒಂದನ್ನು ಮಾತ್ರ ಬಲವಂತವಾಗಿ ಮತ್ತೆ ಓದಿಸುವ ಆಜ್ಞೆ ಬಲಗುಂಡಿಯ ಪಟ್ಟಿಯಲ್ಲಿ ಇರಲೇಬೇಕು. ಇಡೀ ಸಂಗ್ರಹವನ್ನು ಓದಿಸುವ ಗುಂಡಿ ಮಾತ್ರ ಕೊಟ್ಟು ಕೈತೊಳೆದುಕೊಳ್ಳುವ ಪ್ಲೇಯರ್‌ಗಳನ್ನು ಕಂಡರೆ ನನಗೆ ಆಗುವುದಿಲ್ಲ.

ಪರದೆ ತಡವರಿಸುವುದಕ್ಕೆ ಹೆಚ್ಚಾಗಿ ಮುಖಪುಟದ ಚಿತ್ರಗಳು ಕಾರಣ. 1000×1000 ಚುಕ್ಕಿಗಳ ಚಿತ್ರವೊಂದು ಬಿಚ್ಚಿಕೊಂಡಾಗ ಸ್ಮೃತಿಯಲ್ಲಿ 4 ಎಂಬಿ ತೆಗೆದುಕೊಳ್ಳುತ್ತದೆ. ಇಂಥ ಐನೂರನ್ನು ಒಟ್ಟಿಗೆ ಇಟ್ಟುಕೊಂಡರೆ 2 ಜಿಬಿ ಆಯಿತು. 200×200ರ ಚಿಕ್ಕ ಪ್ರತಿಗೆ 160 ಕೆಬಿ ಸಾಕು. ಒಂದೇ ಆಲ್ಬಮ್‌ನ ಹನ್ನೆರಡು ಹಾಡುಗಳಲ್ಲಿ ಅದೇ ಚಿತ್ರ ಹನ್ನೆರಡು ಸಲ ಅಡಗಿರುವುದರಿಂದ, ಚಿತ್ರದ ಬೈಟ್‌ಗಳ ಹ್ಯಾಶ್ ಅನ್ನು (ಅವುಗಳಿಂದ ಲೆಕ್ಕಹಾಕಿದ ಚಿಕ್ಕ ಗುರುತನ್ನು) ಹೆಸರಾಗಿಟ್ಟು ಒಂದೇ ಚಿಕ್ಕ ಪ್ರತಿಯನ್ನು ಉಳಿಸಿಕೊಳ್ಳಿ. ಪಟ್ಟಿಯಲ್ಲಿ ಕಣ್ಣಿಗೆ ಕಾಣುವ ಸಾಲುಗಳನ್ನು ಮಾತ್ರ ಡೇಟಾಬೇಸಿನಿಂದ ತರಿಸಿ; ಕ್ಯೂಟಿಯ ಮರದಾಕಾರದ ಪಟ್ಟಿಯಾಗಿದ್ದರೆ ಎಲ್ಲ ಸಾಲುಗಳ ಎತ್ತರ ಒಂದೇ ಎಂದು ಮೊದಲೇ ತಿಳಿಸಿಬಿಡಿ, ಇಲ್ಲದಿದ್ದರೆ ಅದು ಪ್ರತಿ ಸಾಲನ್ನೂ ಅಳೆಯುತ್ತ ಕೂರುತ್ತದೆ. ವಿನ್ಯಾಸವನ್ನು ಹೊಸದಾಗಿ ಬರೆಯುವ ಅಗತ್ಯ ಇಲ್ಲಿಯೂ ಇಲ್ಲ.

ಉತ್ತರ: ಹಳೇಕ್ಯಾಸೆಟ್

ಇಷ್ಟೆಲ್ಲ ಶ್ರಮ ಏಕೆ ಎಂದು ಕೇಳಬಹುದೇ? ವಿಂಡೋಸ್‌ನಲ್ಲಿ ಫೂಬಾರ್2000 ಎಂಬುದು 2002ರಿಂದ ಇದೆ, 2023ರಲ್ಲಿ ಬಂದ ಅದರ ಎರಡನೆಯ ಆವೃತ್ತಿಗೆ 64 ಬಿಟ್ ರೂಪವೂ ಇದೆ. ಮ್ಯೂಸಿಕ್‌ಬೀ ಇದೆ. ಲಿನಕ್ಸ್‌ನಲ್ಲಿ ಎಂಪಿಡಿ ಎಂಬ ಮ್ಯೂಸಿಕ್ ಸರ್ವರ್ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಮುಂದಿನ ಪರದೆಯನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು. ದೊಡ್ಡ ಸಂಗ್ರಹ ಇಟ್ಟುಕೊಂಡ ಹಲವರು ಇವುಗಳಲ್ಲಿಯೇ ನೆಮ್ಮದಿಯಾಗಿದ್ದಾರೆ.

ಉತ್ತರ: ಕಾಗುಣಿತ

ಹಳೇಕ್ಯಾಸೆಟ್ ಅವರು ಹೇಳಿದ ಪ್ಲೇಯರ್‌ಗಳ ವೇಗದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಲೆನಾಡಿಗ ಅವರ ಎರಡನೆಯ ಮತ್ತು ಮೂರನೆಯ ತೊಂದರೆಗಳು ವೇಗದವಲ್ಲ, ಅಕ್ಷರದವು. ಕನ್ನಡ ಬಳಸದವರು ಬರೆದ ತಂತ್ರಾಂಶದಲ್ಲಿ ಅವು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತವೆ. ನನ್ನ ಉದ್ಯೋಗವೇ ಕನ್ನಡ ಪಠ್ಯದ ಹುಡುಕಾಟಕ್ಕೆ ಸಂಬಂಧಿಸಿದ್ದಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಹುಡುಕಾಟ ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5 ಎಂಬ ಪಠ್ಯ ಹುಡುಕಾಟದ ಭಾಗವನ್ನು ಬಳಸುತ್ತಿದ್ದರೆ, ಪದಗಳನ್ನು ಬಿಡಿಸುವ ಕೆಲಸವನ್ನು ಅದರ ಯೂನಿಕೋಡ್61 ಎಂಬ ಟೋಕನೈಸರ್ ಮಾಡುತ್ತಿರುತ್ತದೆ. ಅದು ತಾನಾಗಿ ಅಕ್ಷರ ಮತ್ತು ಅಂಕಿಗಳ ವರ್ಗಗಳನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ, ಉಳಿದದ್ದನ್ನೆಲ್ಲ ಪದಗಳ ನಡುವಿನ ತೆರಪು ಎಂದು ತಿಳಿಯುತ್ತದೆ. ಯೂನಿಕೋಡ್‌ನಲ್ಲಿ ನಮ್ಮ ಕೊಂಬು, ಗುಡಿಸು, ಸೊನ್ನೆ, ಒತ್ತಕ್ಷರ ಮಾಡುವ ಹಲಂತ ಇವೆಲ್ಲ ಅಕ್ಷರ ವರ್ಗದಲ್ಲಿಲ್ಲ, ಗುರುತುಗಳ ವರ್ಗದಲ್ಲಿವೆ. ಆದ್ದರಿಂದ ‘ಪುರಂದರ’ ಎಂಬ ಪದ ಅದರ ಕೈಯಲ್ಲಿ ‘ಪ’, ‘ರ’, ‘ದರ’ ಎಂದು ಮೂರು ತುಂಡಾಗುತ್ತದೆ. ‘ಕೃಷ್ಣ’ ಎಂಬುದು ‘ಕ’, ‘ಷ’, ‘ಣ’ ಆಗುತ್ತದೆ. ಕೃಷ್ಣನನ್ನು ಹುಡುಕಿದವರಿಗೆ ಸಂಬಂಧವಿಲ್ಲದ ಹಾಡುಗಳು ಬರುವುದು ಹೀಗೆ. ಪರಿಹಾರ ಸುಲಭವಿದೆ: ಸೂಚಿಯ ಕೋಷ್ಟಕವನ್ನು ಸೃಷ್ಟಿಸುವಾಗ ಟೋಕನೈಸರ್‌ಗೆ ಕೊಡುವ ವರ್ಗಗಳ ಪಟ್ಟಿಯಲ್ಲಿ ಎಂಎನ್ ಮತ್ತು ಎಂಸಿ ಎಂಬ ಎರಡು ಗುರುತಿನ ವರ್ಗಗಳನ್ನೂ ಸೇರಿಸಿ, ಸೂಚಿಯನ್ನು ಹೊಸದಾಗಿ ಕಟ್ಟಿ. ಪದದ ನಡುವಿನ ತುಣುಕೂ ಸಿಗಬೇಕೆಂದರೆ 3.34 ಆವೃತ್ತಿಯಲ್ಲಿ ಬಂದ ಟ್ರೈಗ್ರಾಮ್ ಟೋಕನೈಸರ್ ಇದೆ. ಆದರೆ ಅದಕ್ಕೆ ಕನಿಷ್ಠ ಮೂರು ಸಂಕೇತಗಳು (ಯೂನಿಕೋಡ್ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಕೊಡುವ ಸಂಖ್ಯೆಗಳು) ಬೇಕು ಮತ್ತು ಸೂಚಿಯ ಗಾತ್ರ ಸಾಕಷ್ಟು ಹಿಗ್ಗುತ್ತದೆ.

ಎರಡನೆಯದು, ಕಣ್ಣಿಗೆ ಒಂದೇ ಆಗಿ ಕಾಣುವ ಹೆಸರುಗಳು. ‘ಭೀಮಸೇನ ಜೋಶಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಸಾಮಾನ್ಯ ಕೀಲಿಮಣೆಯಲ್ಲಿ ಬರೆದರೆ ಅದರಲ್ಲಿ ತೆರಪೂ ಸೇರಿ 11 ಸಂಕೇತಗಳಿರುತ್ತವೆ. ಆದರೆ ಯೂನಿಕೋಡ್ ಪ್ರಕಾರ ಈ, ಏ, ಓ ಕಾರಗಳ ಚಿಹ್ನೆಗಳನ್ನು ಬಿಡಿಸಿಯೂ ಬರೆಯಬಹುದು: ಗುಡಿಸಿನ ದೀರ್ಘಕ್ಕೆ ಎರಡು, ಏತ್ವಕ್ಕೆ ಎರಡು, ಓತ್ವಕ್ಕೆ ಮೂರು ಸಂಕೇತಗಳು. ಹಾಗೆ ಬಿಡಿಸಿದಾಗ ಅದೇ ಹೆಸರು 15 ಸಂಕೇತಗಳಾಗುತ್ತದೆ, ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಟ್ಯಾಗ್ ಇಲ್ಲದ ಕಡತಗಳಿಗೆ ಫೋಲ್ಡರ್ ಹೆಸರನ್ನೇ ಗಾಯಕರ ಹೆಸರಾಗಿ ತೆಗೆದುಕೊಳ್ಳುವ ಪ್ಲೇಯರ್‌ನಲ್ಲಿ, ಯಾರದೋ ಮ್ಯಾಕ್‌ನಿಂದ ಬಂದ ಫೋಲ್ಡರ್ ಒಂದಿದ್ದರೆ ಸಾಕು, ಭೀಮಸೇನ ಜೋಶಿಯವರು ಇಬ್ಬರಾಗುತ್ತಾರೆ. ಹೋಲಿಕೆಗೆ ಮೊದಲು ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದರೆ ಇದು ಮುಗಿಯಿತು. ಕ್ಯೂಟಿಯ ಸ್ಟ್ರಿಂಗ್ ವರ್ಗದಲ್ಲಿ ಅದಕ್ಕೆ ಸಿದ್ಧ ಕ್ರಿಯೆಯೇ ಇದೆ.

ಅದಕ್ಕಿಂತ ಹೆಚ್ಚು ಕಾಡುವುದು ಅಗಲವಿಲ್ಲದ ಬಿಡಿಸುವ ಗುರುತು, ಅಂದರೆ ಜೆಡ್‌ಡಬ್ಲ್ಯುಎನ್‌ಜೆ. ಕೆಲವು ಕೀಲಿಮಣೆಗಳು ಪದದ ಕೊನೆಯ ಹಲಂತದ ನಂತರ ಅದನ್ನು ತಾವಾಗಿಯೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಹೀಗಾಗಿ ‘ಪಿ.ಬಿ. ಶ್ರೀನಿವಾಸ್’ ಎಂಬುದು ಬಾಲದಲ್ಲಿ ಆ ಗುರುತಿರುವ ಒಬ್ಬರು, ಇಲ್ಲದಿರುವ ಇನ್ನೊಬ್ಬರು ಎಂದು ಎರಡು ಸಾಲುಗಳಾಗುತ್ತದೆ. ಹಾಗೆಂದು ಟ್ಯಾಗ್‌ಗಳಿಂದಲೇ ಅದನ್ನು ಒಟ್ಟಾಗಿ ಅಳಿಸಲು ಹೋಗಬೇಡಿ; ‘ರಾಜ್‌ಕುಮಾರ್’ ಎಂಬ ಹೆಸರಿನ ನಡುವೆ ಅದು ಬೇಕೇ ಬೇಕು, ಇಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಜ ಅಕ್ಷರಕ್ಕೆ ಕ ಒತ್ತು ಬಿದ್ದು ಹೆಸರು ಕೆಡುತ್ತದೆ. ಆದ್ದರಿಂದ ಪ್ರತಿ ಹೆಸರಿಗೂ ಎರಡು ಅಂಕಣಗಳಿರಲಿ: ಬಂದದ್ದನ್ನು ಬಂದಂತೆಯೇ ತೋರಿಸಲು ಒಂದು, ಹೋಲಿಕೆ ಮತ್ತು ಹುಡುಕಾಟಕ್ಕೆ ಇನ್ನೊಂದು. ಎರಡನೆಯದರಲ್ಲಿ ಮಾತ್ರ ಎನ್‌ಎಫ್‌ಸಿ ಮಾಡಿ, ಅಗಲವಿಲ್ಲದ ಗುರುತುಗಳನ್ನೂ ಚುಕ್ಕಿಗಳನ್ನೂ ಹೆಚ್ಚುವರಿ ತೆರಪುಗಳನ್ನೂ ತೆಗೆದುಹಾಕಿ. ಬಳಕೆದಾರರು ಹುಡುಕಾಟದ ಪೆಟ್ಟಿಗೆಯಲ್ಲಿ ಬರೆದದ್ದನ್ನೂ ಇದೇ ಜರಡಿಯಲ್ಲಿ ಹಾಯಿಸಿ.

ಮೂರನೆಯದು ಹಾಳಾದ ಟ್ಯಾಗ್‌ಗಳು. ಐಡಿ3ಯ 2.3 ಆವೃತ್ತಿಯಲ್ಲಿ ಯೂನಿಕೋಡ್ ಅನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನಕ್ಕೆ ಅವಕಾಶವೇ ಇರಲಿಲ್ಲ, 2000ದಲ್ಲಿ ಬಂದ 2.4ರಲ್ಲಿ ಅದು ಸೇರಿತು. ಹೀಗಾಗಿ ಕೆಲವು ತಂತ್ರಾಂಶಗಳು ಯುರೋಪಿನ ಅಕ್ಷರಗಳ ಸಂಕೇತವಾದ ಲ್ಯಾಟಿನ್-1 ಎಂದು ಹಣೆಪಟ್ಟಿ ಹಚ್ಚಿ ಒಳಗೆ ಯುಟಿಎಫ್-8 ಬೈಟ್‌ಗಳನ್ನು ಬರೆದುಬಿಟ್ಟಿವೆ. ಕನ್ನಡದ ಮಟ್ಟಿಗೆ ಇದನ್ನು ಗುರುತಿಸುವುದು ತೀರಾ ಸುಲಭ: ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಆಗಿದ್ದು, ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಲ್ಯಾಟಿನ್ ಎಂದು ಹೇಳಿಕೊಳ್ಳುವ ಟ್ಯಾಗ್‌ನಲ್ಲಿ ಈ ಜೋಡಿ ಮತ್ತೆ ಮತ್ತೆ ಬಂದರೆ ಹಿಂದುಮುಂದು ನೋಡದೆ ಯುಟಿಎಫ್-8 ಎಂದು ಓದಿಕೊಳ್ಳಬಹುದು. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟ್‌ಗಳ ಸಂಕೇತದಲ್ಲಿ ಬರೆದ ಟ್ಯಾಗ್‌ಗಳೂ ಹಳೆಯ ಸಂಗ್ರಹಗಳಲ್ಲಿ ಸಿಗುತ್ತವೆ. ಅವುಗಳಿಗೆ ಪರಿವರ್ತಕ ಬೇಕು, ಮತ್ತು ಅಲ್ಲಿ ಮನುಷ್ಯರ ಕಣ್ಣು ಹಾಯದೆ ಒಪ್ಪಿಗೆ ಕೊಡಬಾರದು.

ಅಕಾರಾದಿಯ ಬಗ್ಗೆ ಒಂದು ಮಾತು. ಸಂಕೇತಗಳ ಕ್ರಮದಲ್ಲಿ ವಿಂಗಡಿಸಿದರೆ ‘ಳ’ ಅಕ್ಷರ ‘ವ’ಗಿಂತ ಮೊದಲು ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ ಆದ ಮೇಲೆ. ‘ಳ’ದಿಂದ ಶುರುವಾಗುವ ಹೆಸರು ಇಲ್ಲವಾದ್ದರಿಂದ ಇದು ಯಾರನ್ನೂ ಅಷ್ಟಾಗಿ ಬಾಧಿಸದು. ಬಾಧಿಸುವುದು ಇನಿಷಿಯಲ್‌ಗಳು. ಎಸ್. ಜಾನಕಿಯವರೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರೂ ‘ಎ’ ಅಡಿಯಲ್ಲಿ, ಪಿ. ಸುಶೀಲಾ, ಪಿ. ಕಾಳಿಂಗ ರಾವ್, ಪಿ.ಬಿ. ಶ್ರೀನಿವಾಸ್ ಮೂವರೂ ‘ಪ’ ಅಡಿಯಲ್ಲಿ ಸೇರಿಕೊಳ್ಳುತ್ತಾರೆ. ವಿಂಗಡಣೆಗೆಂದೇ ಇರುವ ಪ್ರತ್ಯೇಕ ಟ್ಯಾಗ್ ಅನ್ನು ಓದಿ, ಅದು ಖಾಲಿಯಿದ್ದರೆ ಇನಿಷಿಯಲ್ ಬಿಟ್ಟು ಮುಂದಿನ ಹೆಸರಿನಿಂದ ವಿಂಗಡಿಸುವ ಆಯ್ಕೆ ಕೊಡಿ.

ಉತ್ತರ: ಸೂಚಿಪತ್ರ

ಕಾಗುಣಿತ ಅವರ ಬರಹ ಬಹಳ ಉಪಯುಕ್ತವಾಗಿದೆ. ಅವರ ಹೋಲಿಕೆಯ ಅಂಕಣವನ್ನು ಎಲ್ಲಿಯವರೆಗೆ ನಂಬಬೇಕು ಎಂಬುದರ ಬಗ್ಗೆ ಮಾತ್ರ, ಗ್ರಂಥಾಲಯದ ಸೂಚೀಕರಣದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನಾಗಿ ಒಂದು ಎಚ್ಚರಿಕೆ ಹೇಳಬೇಕೆನಿಸಿತು.

ಅಗಲವಿಲ್ಲದ ಗುರುತಿನಿಂದ ಬೇರೆಯಾದ ಹೆಸರುಗಳನ್ನು ಯಂತ್ರ ಕೂಡಿಸಲಿ. ಆದರೆ ಅಶ್ವತ್ಥ್, ಅಶ್ವಥ್ ಎಂಬಂಥ ಕಾಗುಣಿತದ ಭೇದಗಳನ್ನು, ಮನ್ಸೂರ, ಮನ್ಸೂರ್, ಮನಸೂರ ಎಂಬ ರೂಪಗಳನ್ನು, ಷರೀಫ, ಶರೀಫ ಎಂಬುದನ್ನು ಯಂತ್ರ ತಾನಾಗಿ ಕೂಡಿಸಕೂಡದು. ‘ಇವು ಒಂದೇ ಇರಬಹುದೇ?’ ಎಂದು ಕೇಳಬೇಕು. ಬರೀ ‘ಅಶ್ವತ್ಥ್’ ಎಂದಿರುವ ಟ್ಯಾಗ್ ಗಾಯಕ ಸಿ. ಅಶ್ವತ್ಥ್ ಅವರದ್ದೋ, ಚಿತ್ರದ ಸಂಭಾಷಣೆಯ ಧ್ವನಿಸುರುಳಿಯಲ್ಲಿರುವ ನಟ ಕೆ.ಎಸ್. ಅಶ್ವತ್ಥ್ ಅವರದ್ದೋ ಎಂಬುದು ಅಕ್ಷರ ನೋಡಿದರೆ ತಿಳಿಯುವುದಿಲ್ಲ. ಗ್ರಂಥಾಲಯಗಳಲ್ಲಿ ನಾವು ವ್ಯಕ್ತಿಗೊಂದು ಪ್ರಮಾಣ ರೂಪವನ್ನು ಗೊತ್ತುಮಾಡಿ, ಉಳಿದ ರೂಪಗಳಿಂದ ಅದಕ್ಕೆ ‘ನೋಡಿ’ ಎಂಬ ಸೂಚನೆ ಕೊಡುತ್ತಿದ್ದೆವು. ಪ್ಲೇಯರ್‌ನಲ್ಲಿಯೂ ವ್ಯಕ್ತಿಗಳಿಗೆ ಪ್ರತ್ಯೇಕ ಕೋಷ್ಟಕ, ಅವರ ಹೆಸರಿನ ಬೇರೆ ಬೇರೆ ರೂಪಗಳಿಗೆ ಇನ್ನೊಂದು ಕೋಷ್ಟಕ ಇರಬೇಕು. ಒಮ್ಮೆ ಮನುಷ್ಯರು ತೀರ್ಮಾನಿಸಿದ್ದನ್ನು ಮುಂದಿನ ಸ್ಕ್ಯಾನ್ ಅಳಿಸಬಾರದು.

ಹೆಸರುಗಳನ್ನು ಒಡೆಯುವಾಗಲೂ ಇದೇ ಎಚ್ಚರ ಬೇಕು. ಅಡ್ಡಗೆರೆ ಕಂಡಲ್ಲೆಲ್ಲ ಇಬ್ಬರು ಎಂದು ಒಡೆಯುವ ಪ್ಲೇಯರ್ ರಾಜನ್–ನಾಗೇಂದ್ರ ಜೋಡಿಯನ್ನು ಬೇರ್ಪಡಿಸಿ, ನಾಗೇಂದ್ರ ಎಂಬ ಇನ್ನೊಬ್ಬ ಸಂಗೀತ ನಿರ್ದೇಶಕರನ್ನು ಹುಟ್ಟಿಸುತ್ತದೆ. ಯುಗಳ ಗೀತೆಗೆ ಇಬ್ಬರು ಗಾಯಕರಿದ್ದರೆ ಫ್ಲ್ಯಾಕ್‌ನಲ್ಲಿ ಒಂದೇ ಹೆಸರಿನ ಟ್ಯಾಗ್ ಅನ್ನು ಎರಡು ಸಲ ಬರೆಯಲು ಅವಕಾಶವಿದೆ, ಐಡಿ3 2.4ರಲ್ಲಿಯೂ ಒಂದು ಚೌಕಟ್ಟಿನೊಳಗೆ ಹಲವು ಮೌಲ್ಯಗಳನ್ನು ಇಡಬಹುದು. ಆ ದಾರಿ ಇರುವಾಗ ಚಿಹ್ನೆ ನೋಡಿ ಊಹಿಸುವ ಕೆಲಸ ಬೇಡ.

ಇದಕ್ಕಿಂತ ಆಳದ ಪ್ರಶ್ನೆ ಹಾಡು ಎಂದರೆ ಯಾವ ಯಾವ ಮಾಹಿತಿ ಎಂಬುದು. ಗಾಯಕ, ಆಲ್ಬಮ್, ಪ್ರಕಾರ ಎಂಬ ಮೂರು ಕಂಬಗಳ ಮೇಲೆ ನಿಂತ ಪ್ಲೇಯರ್ ನಮ್ಮ ಸಂಗೀತವನ್ನು ಹೊರಲಾರದು. ಚಿತ್ರಗೀತೆಗೆ ಗಾಯಕರು, ಸಂಗೀತ ನಿರ್ದೇಶಕರು, ಗೀತರಚನಕಾರರು, ಚಿತ್ರ ಬೇಕು. ಭಾವಗೀತೆಗೆ ಕವಿಯೇ ಮುಖ್ಯ. ಬೇಂದ್ರೆಯವರ ಎಲ್ಲ ಗೀತೆಗಳನ್ನು ಕೇಳಬೇಕು ಎನ್ನುವವರಿಗೆ ಗಾಯಕರ ಪಟ್ಟಿ ನಿಷ್ಪ್ರಯೋಜಕ. ಕಚೇರಿಗೆ ರಾಗ, ತಾಳ, ವಾಗ್ಗೇಯಕಾರ, ಪಕ್ಕವಾದ್ಯದವರು ಬೇಕು. ರಾಗದ ವಿಷಯದಲ್ಲಂತೂ ಪದ್ಧತಿಯನ್ನೂ ಜೊತೆಗೆ ಬರೆಯದೆ ಇದ್ದರೆ ಎಡವಟ್ಟಾಗುತ್ತದೆ: ಕರ್ನಾಟಕ ಪದ್ಧತಿಯ ಭೈರವಿಯೇ ಬೇರೆ, ಹಿಂದೂಸ್ತಾನಿ ಭೈರವಿಯೇ ಬೇರೆ, ಎರಡನೆಯದರ ಸ್ವರಗಳು ನಮ್ಮ ತೋಡಿಗೆ ಹತ್ತಿರ, ಹಿಂದೂಸ್ತಾನಿ ತೋಡಿಯ ಸ್ವರಗಳು ಶುಭಪಂತುವರಾಳಿಗೆ ಹತ್ತಿರ. ಇನ್ನೊಂದೆಡೆ ಹಿಂದೋಳ ಮತ್ತು ಮಾಲ್ಕೌಂಸ್ ಹೆಸರು ಬೇರೆಯಾದರೂ ಸ್ವರಗಳು ಅವೇ. ಕೇಳುಗರು ತಾವೇ ಅಂಕಣಗಳನ್ನು ಸೇರಿಸಿಕೊಂಡು, ಅವುಗಳ ಮೇಲೆ ಪಟ್ಟಿ ಮಾಡಿಕೊಳ್ಳಲು ಸಾಧ್ಯವಾಗಬೇಕು.

ಒಂದು ಬಿನ್ನಹ: ದಯವಿಟ್ಟು ಈ ತಿದ್ದುಪಡಿಗಳನ್ನು ಮೂಲ ಕಡತಗಳಿಗೆ ಬರೆಯಬೇಡಿ. ಹಳೆಯ ಧ್ವನಿಮುದ್ರಣದ ಮೂಲ ಪ್ರತಿ ಇದ್ದಂತೆಯೇ ಇರಬೇಕು.

ಮಲೆನಾಡಿಗ

ಎಲ್ಲರಿಗೂ ಧನ್ಯವಾದಗಳು. ಡಿಸ್ಕ್ ಫ್ಯಾಟ್32 ಎಂಬುದೂ, ಲಿನಕ್ಸ್ ಯಂತ್ರದ ಕಾಲವಲಯ ಯುಟಿಸಿಯಲ್ಲಿದ್ದದ್ದೂ ಖಚಿತವಾಯಿತು. ಟೋಕನೈಸರ್‌ನ ವರ್ಗಗಳನ್ನು ಬದಲಿಸಿ, ಹೋಲಿಕೆಯ ಅಂಕಣ ಸೇರಿಸಿ ಸೂಚಿಯನ್ನು ಮತ್ತೆ ಕಟ್ಟಿದ ಮೇಲೆ ‘ಪುರಂದರ’ ಎಂದರೆ ಪುರಂದರದಾಸರ ಪದಗಳೇ ಬರುತ್ತಿವೆ, ಗಾಯಕರ ಪಟ್ಟಿ ಕಣ್ಣಿಗೆ ಕಾಣುವಷ್ಟು ಕುಗ್ಗಿದೆ.

ಉಳಿದದ್ದು ಎರಡು ಸಂಗತಿ. ಸೂಚಿಪತ್ರ ಸರ್ ಹೇಳಿದಂತೆ ಮೂಲ ಕಡತಗಳನ್ನು ಮುಟ್ಟದೆ ಇದ್ದರೆ, ಡೇಟಾಬೇಸ್ ಕೆಟ್ಟ ದಿನ ಇಷ್ಟೆಲ್ಲ ತಿದ್ದುಪಡಿಗಳೂ ಹೋಗುವುದಿಲ್ಲವೇ? ಮತ್ತು ಫೋಲ್ಡರ್ ಸರಿಸಿದಾಗ ಕೇಳಿದ ಲೆಕ್ಕ ಕಳೆಯದಂತೆ ಮಾಡುವುದು ಹೇಗೆ? ಅಂದಹಾಗೆ ಈ ಸಂಗ್ರಹದ ಕಚೇರಿಗಳಲ್ಲಿ ಬಹುಪಾಲು ಸಿ-90 ಕ್ಯಾಸೆಟ್‌ಗಳಿಂದ ಬಂದವು. ಒಂದು ಬದಿಯ 45 ನಿಮಿಷ ಪೂರ್ತಿ ಒಂದೇ ಫ್ಲ್ಯಾಕ್ ಕಡತವಾಗಿದೆ, ಅದರೊಳಗೆ ನಾಲ್ಕೈದು ಕೃತಿಗಳಿರುತ್ತವೆ.

ಸೂಚಿಪತ್ರ

ಮೂಲ ಪ್ರತಿ ಮತ್ತು ಕೇಳುವ ಪ್ರತಿ ಎಂದು ಎರಡು ಇಟ್ಟುಕೊಳ್ಳುವುದೇ ಸರಿಯಾದ ದಾರಿ. ಮೂಲ ಪ್ರತಿ ಬೇರೆ ಡಿಸ್ಕಿನಲ್ಲಿ ಓದಲು ಮಾತ್ರ ಎಂಬ ಸ್ಥಿತಿಯಲ್ಲಿರಲಿ, ಕೇಳುವ ಪ್ರತಿಗೆ ಟ್ಯಾಗ್ ಬರೆಯಿರಿ. ಅದಕ್ಕೆ ಜಾಗವಿಲ್ಲದವರಿಗಾಗಿ, ಪ್ರತಿ ಫೋಲ್ಡರ್‌ನಲ್ಲಿ ಹಾಡುಗಳ ಪಕ್ಕದಲ್ಲಿಯೇ ಒಂದು ಸರಳ ಪಠ್ಯ ಕಡತದಲ್ಲಿ ವಿವರಗಳನ್ನು ಬರೆದಿಡುವ ವ್ಯವಸ್ಥೆ ಮಾಡಿ. ನಿಮ್ಮ ಪ್ಲೇಯರ್ ನಾಳೆ ಇಲ್ಲದಿದ್ದರೂ ಅದನ್ನು ಯಾರು ಬೇಕಾದರೂ ಓದಬಹುದು.

ಬೈಟುಗಾರ

ಸರ್ ಹೇಳಿದ್ದರಲ್ಲಿ ಅರ್ಧಕ್ಕೆ ನನ್ನ ಸಹಮತವಿದೆ. ಗಾಯಕರು, ರಾಗ, ಕವಿ ಮುಂತಾದ ವಿವರಗಳು ಕಡತದೊಳಗೆ ಇರುವುದೇ ಒಳ್ಳೆಯದು, ಪಕ್ಕದಲ್ಲಿಟ್ಟ ಪಠ್ಯ ಕಡತ ಹಾಡಿನ ಜೊತೆ ನಕಲಾಗದೆ ಹಿಂದೆ ಉಳಿಯುತ್ತದೆ. ಆದರೆ ಎಷ್ಟು ಸಲ ಕೇಳಿದೆ ಎಂಬ ಲೆಕ್ಕವನ್ನು ಕಡತಕ್ಕೆ ಬರೆಯಬೇಡಿ. ಹಾಡು ಮುಗಿದಾಗಲೆಲ್ಲ ಕಡತ ಬದಲಾದರೆ ಬ್ಯಾಕಪ್ ತಂತ್ರಾಂಶ ಪ್ರತಿ ರಾತ್ರಿ ಅದನ್ನು ಹೊಸದಾಗಿ ನಕಲು ಮಾಡುತ್ತದೆ. ನಕ್ಷತ್ರಗಳದ್ದು ಇನ್ನೊಂದು ಕಥೆ: ಐಡಿ3ಯಲ್ಲಿ ಅದಕ್ಕೆ 0ಯಿಂದ 255ರವರೆಗಿನ ಸಂಖ್ಯೆಯ ಜಾಗವಿದೆ, ವಿಂಡೋಸ್ ಮೀಡಿಯಾ ಪ್ಲೇಯರ್ ಐದು ನಕ್ಷತ್ರಗಳಿಗೆ 1, 64, 128, 196, 255 ಎಂದು ಬರೆದರೆ ಇನ್ನೊಂದು ಪ್ಲೇಯರ್ ತನ್ನದೇ ಲೆಕ್ಕ ಇಟ್ಟುಕೊಂಡಿರುತ್ತದೆ. ಎರಡನ್ನೂ ಡೇಟಾಬೇಸಿನಲ್ಲಿಟ್ಟು ದಿನಕ್ಕೊಮ್ಮೆ ಅದರ ನಕಲು ತೆಗೆದಿಡಿ.

ಆ ಲೆಕ್ಕ ಕಳೆಯುವುದಕ್ಕೆ ಕಾರಣ, ಪ್ಲೇಯರ್ ಹಾಡನ್ನು ಅದರ ವಿಳಾಸದಿಂದ ಗುರುತಿಸುತ್ತಿರುವುದು. ಬದಲಿಗೆ ಧ್ವನಿಯಿಂದಲೇ ಗುರುತಿಸಿ. ಫ್ಲ್ಯಾಕ್ ಕಡತದ ತಲೆಭಾಗದಲ್ಲಿ ಬಿಚ್ಚಿದ ಧ್ವನಿಯ ಎಂಡಿ5 ಮೊತ್ತ (ಒಂದು ಬಗೆಯ ಹ್ಯಾಶ್) 128 ಬಿಟ್‌ಗಳಲ್ಲಿ ಸಾಮಾನ್ಯವಾಗಿ ಬರೆದೇ ಇರುತ್ತದೆ, ಟ್ಯಾಗ್ ಎಷ್ಟು ತಿದ್ದಿದರೂ ಅದು ಬದಲಾಗುವುದಿಲ್ಲ, ಓದಿಕೊಂಡರಾಯಿತು. ಕೆಲವು ಕಡತಗಳಲ್ಲಿ ಅಲ್ಲಿ ಬರೀ ಸೊನ್ನೆಗಳಿರುತ್ತವೆ, ಅವುಗಳನ್ನು ಒಂದೇ ಹಾಡೆಂದು ತಿಳಿಯದಂತೆ ನೋಡಿಕೊಳ್ಳಿ. ಎಂಪಿ3ಗೆ ಮುಂದಿನ ಹಿಂದಿನ ಟ್ಯಾಗ್‌ಗಳನ್ನು ಬಿಟ್ಟು ನಡುವಿನ ಧ್ವನಿ ಭಾಗಕ್ಕೆ ಹ್ಯಾಶ್ ಲೆಕ್ಕಹಾಕಬೇಕು. ಇಡೀ ಕಡತ ಓದಬೇಕಾದ್ದರಿಂದ ಅದನ್ನು ಮೊದಲ ಸ್ಕ್ಯಾನ್‌ನಲ್ಲಿ ಮಾಡದೆ, ಹಾಡು ನುಡಿಯುತ್ತಿರುವಾಗ ಅಥವಾ ಗಣಕ ಬಿಡುವಾಗಿರುವಾಗ ಮಾಡಿ. ಹೊಸ ವಿಳಾಸದಲ್ಲಿ ಕಂಡ ಕಡತದ ಗುರುತು, ಕಾಣೆಯಾದ ಹಳೆಯ ವಿಳಾಸದ ಗುರುತಿಗೆ ಹೊಂದಿದರೆ ಆ ಸಾಲಿನ ವಿಳಾಸವನ್ನಷ್ಟೇ ಬದಲಿಸಿ. ಡಿಸ್ಕ್ ಜೋಡಿಸದೆ ಇರುವಾಗ ಎಲ್ಲ ಕಡತಗಳೂ ಕಾಣೆಯಾದಂತೆಯೇ ತೋರುವುದರಿಂದ, ಕಾಣದ್ದನ್ನು ಅಳಿಸದೆ ‘ಸದ್ಯ ಲಭ್ಯವಿಲ್ಲ’ ಎಂದು ಗುರುತು ಹಾಕಿಡಿ.

ಕ್ಯಾಸೆಟ್ ಬದಿಗಳ ಸಂಗತಿಯನ್ನು ಕೊನೆಗೆ ಹೇಳಿದಿರಿ, ಆದರೆ ಬೇರೆ ಎಲ್ಲದಕ್ಕಿಂತ ಮೊದಲು ಅದನ್ನೇ ತೀರ್ಮಾನಿಸಬೇಕು. ನಿಮ್ಮ ಈಗಿನ ಕೋಷ್ಟಕದಲ್ಲಿ ಒಂದು ಕಡತಕ್ಕೆ ಒಂದೇ ಸಾಲು ಇರುತ್ತದೆ ಎಂದು ಊಹಿಸುತ್ತೇನೆ. ಅದನ್ನು ಕಡತಗಳ ಕೋಷ್ಟಕ, ಹಾಡುಗಳ ಕೋಷ್ಟಕ ಎಂದು ಎರಡಾಗಿ ಒಡೆದು, ಹಾಡಿನ ಸಾಲಿನಲ್ಲಿ ಯಾವ ಕಡತ, ಎಲ್ಲಿಂದ, ಎಲ್ಲಿಯವರೆಗೆ ಎಂದು ಬರೆಯಿರಿ. ಕಡತದ ಗುರುತಿನ ಜೊತೆ ಆರಂಭದ ಸಮಯವೂ ಸೇರಿದರೆ ಅದು ಹಾಡಿನ ಗುರುತು. ಆರಂಭದ ಸಮಯಗಳನ್ನು ಕ್ಯೂ ಎಂಬ ಪಠ್ಯ ಕಡತದಿಂದ ಓದಿ. ಅದರಲ್ಲಿ ಸಮಯ ನಿಮಿಷ, ಸೆಕೆಂಡ್ ಮತ್ತು ಸೆಕೆಂಡಿನ 75ನೇ ಒಂದು ಭಾಗಗಳಲ್ಲಿ ಇರುತ್ತದೆ, ನೂರನೇ ಒಂದು ಭಾಗವೆಂದು ಓದಿದರೆ ಹಿಂದಿನ ಕೃತಿಯ ಕೊನೆಯ ಸ್ವರ ಮುಂದಿನ ಆಲಾಪನೆಯ ತಲೆಗೆ ಅಂಟಿಕೊಳ್ಳುತ್ತದೆ. ಕ್ಯೂ ಕಡತ ತನ್ನ ಅಕ್ಷರ ಸಂಕೇತ ಯಾವುದೆಂದು ಹೇಳಿಕೊಳ್ಳುವುದಿಲ್ಲ, ಆದ್ದರಿಂದ ಕಾಗುಣಿತ ಅವರು ಹೇಳಿದ 224ರ ಪರೀಕ್ಷೆಯನ್ನು ಅಲ್ಲಿಯೂ ಬಳಸಿ. ಕೇಳಿದ ಲೆಕ್ಕಗಳು ತುಂಬಿಕೊಂಡ ಮೇಲೆ ಕೋಷ್ಟಕ ಒಡೆಯಲು ಹೋದರೆ ಎಲ್ಲ ಲೆಕ್ಕವನ್ನೂ ಹೊಸ ಗುರುತಿಗೆ ವರ್ಗಾಯಿಸಬೇಕಾಗುತ್ತದೆ, ಹಾಗಾಗಿ ಹ್ಯಾಶ್‌ನ ಕೋಡ್ ಬರೆಯುವ ಮುನ್ನವೇ ಇದನ್ನು ಮುಗಿಸಿಕೊಳ್ಳಿ.